ಕೊಲೆ ಕೇಸನ್ನು ಮನೆಯವರು ವಾಪಸ್ ಪಡೆಯಬಹುದೇ?

ಪ್ರಶ್ನೆ: ಸಂಜೆಯ ಧಾರಾವಾಹಿಯೊಂದರಲ್ಲಿ ಮಗನನ್ನು ಕಳೆದುಕೊಂಡ ತಾಯಿ, ಉಳಿದ ಮಗಳ ಬಾಳು ಹಾಳಾಗಬಾರದೆಂದು ಠಾಣೆಗೆ ಹೋಗಿ ಕೇಸು ವಾಪಸ್ ಪಡೆದಳು. ಮರುದಿನವೇ ಆರೋಪಿ ಹಾರ ಹಾಕಿಸಿಕೊಂಡು ಹೊರಗೆ ಬಂದ. ನಿಜ ಜೀವನದಲ್ಲೂ ಹೀಗೆ ಆಗುತ್ತದೆಯೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಆಗುವುದಿಲ್ಲ. ಹಿಂದೆಯೂ ಆಗುತ್ತಿರಲಿಲ್ಲ, 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಾದ ಮೇಲೂ ಆಗುವುದಿಲ್ಲ. ಈ ಪ್ರಶ್ನೆಗೆ ಇದೇ ಅಂಕಣದಲ್ಲಿ ಉತ್ತರಿಸಿದ್ದೇನೆ, ಹಾಸನದ ಕೋರ್ಟಿನ ಆವರಣದಲ್ಲಿ ನಿಂತು ಉತ್ತರಿಸಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿನಲ್ಲೂ ಉತ್ತರಿಸಿದ್ದೇನೆ. ಆದರೂ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾದಾಗಲೆಲ್ಲ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ.

ಧಾರಾವಾಹಿಯವರ ಉಳಿದ ತಪ್ಪುಗಳನ್ನು ನಾನು ಮನ್ನಿಸಿಬಿಟ್ಟಿದ್ದೇನೆ. ನ್ಯಾಯಾಧೀಶರು ಮರದ ಸುತ್ತಿಗೆ ಕುಟ್ಟುತ್ತಾರೆ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಇಲ್ಲ. ಸಾಕ್ಷಿಯ ಕೈಯನ್ನು ಭಗವದ್ಗೀತೆಯ ಮೇಲೆ ಇಡಿಸುತ್ತಾರೆ; 1969ರ ಪ್ರಮಾಣ ವಚನ ಕಾಯ್ದೆಗೆ ಗ್ರಂಥ ಬೇಕಿಲ್ಲ, ಬಾಯಿಮಾತಿನ ಪ್ರಮಾಣ ಸಾಕು. ಇರಲಿ, ಇವುಗಳಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ‘ಕೇಸು ವಾಪಸ್’ ಎಂಬ ಕಥೆಯನ್ನು ನಂಬಿ ಜನ ನಿಜವಾಗಿಯೂ ರಾಜಿ ಪಂಚಾಯಿತಿಯಲ್ಲಿ ಕೂರುತ್ತಾರೆ, ಮುಂಗಡ ಪಡೆಯುತ್ತಾರೆ, ಆಮೇಲೆ ವಕೀಲರ ಮನೆ ಬಾಗಿಲಿಗೆ ಬಂದು ‘ಒಂದು ಅರ್ಜಿ ಬರೆದುಕೊಡಿ ಸ್ವಾಮಿ, ನಮ್ಮ ಕೇಸು ನಾವೇ ತೆಗೆದುಕೊಳ್ಳುತ್ತೇವೆ’ ಎನ್ನುತ್ತಾರೆ.

‘ನಮ್ಮ ಕೇಸು’ ಎಂಬಲ್ಲೇ ಎಡವಟ್ಟು. ಕೊಲೆ ಪ್ರಕರಣದ ಕಡತದ ಮೇಲೆ ಏನು ಬರೆದಿದೆ ಎಂದು ಒಮ್ಮೆ ನೋಡಿ. ಒಂದು ಕಡೆ ಇಂಥ ಠಾಣೆಯ ಮೂಲಕ ಕರ್ನಾಟಕ ರಾಜ್ಯ, ಇನ್ನೊಂದು ಕಡೆ ಆರೋಪಿಗಳು. ಸತ್ತವನ ತಾಯಿ ಅಲ್ಲಿ ಕಕ್ಷಿದಾರಳೇ ಅಲ್ಲ. ಸಾಕ್ಷಿಗಳ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ. ಕ್ರೂರವಾಗಿ ಕೇಳಿಸುತ್ತದೆ, ಗೊತ್ತು. ಆದರೆ ಆಕೆಗೆ ರಕ್ಷಣೆ ಇರುವುದೂ ಅದರಲ್ಲೇ. ಠಾಣೆಯಲ್ಲಿ ಆಕೆ ಸಹಿ ಹಾಕಿದ ದೂರಿನ ಕೊನೆಯ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ತಪ್ಪಿತಸ್ಥರ ಮೇಲೆ ಸೂಕ್ತ ಕಾನೂನು ಕ್ರಮ ಜರುಗಿಸಬೇಕೆಂದು ಕೋರಿಕೆ.’ ಕೋರಿದ್ದಾಯಿತು, ಎಫ್‌ಐಆರ್ ದಾಖಲಾಯಿತು, ಅಲ್ಲಿಗೆ ದೂರುದಾರರ ಒಡೆತನ ಮುಗಿಯಿತು. ಕಾಡಿಗೆ ಬೆಂಕಿ ಬಿದ್ದಿದೆ ಎಂದು ಅರಣ್ಯ ಇಲಾಖೆಗೆ ತಿಳಿಸಿದವನು, ಮರುದಿನ ಬಂದು ‘ನಾನು ಹೇಳಿದ್ದನ್ನು ವಾಪಸ್ ಪಡೆದಿದ್ದೇನೆ, ಆರಿಸಬೇಡಿ’ ಎಂದರೆ ಯಾರು ಕೇಳುತ್ತಾರೆ?

ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳು ಇಲ್ಲವೇ ಎಂದು ಕೇಳುತ್ತೀರಿ. ಇವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ಅವುಗಳ ಪಟ್ಟಿಯೇ ಇದೆ: ಸಾದಾ ಗಾಯ, ಅತಿಕ್ರಮ ಪ್ರವೇಶ, ಮಾನನಷ್ಟ, ಇಂಥವು. ಕೊಲೆ ಆ ಪಟ್ಟಿಯಲ್ಲಿಲ್ಲ. ಹೈಕೋರ್ಟಿಗೆ ಹೋದರೆ ಆಗಬಹುದಲ್ಲ ಎನ್ನುವ ಜಾಣರೂ ಇದ್ದಾರೆ. ಕೊಲೆ, ಅತ್ಯಾಚಾರದಂಥ ಘೋರ ಅಪರಾಧಗಳನ್ನು ರಾಜಿಯ ಆಧಾರದ ಮೇಲೆ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಸರ್ಕಾರವೇ ಅಭಿಯೋಜನೆ, ಅಂದರೆ ತಾನು ನಡೆಸುವ ಮೊಕದ್ದಮೆ, ಹಿಂಪಡೆಯುವುದು ಬೇರೆ ಮಾತು. ಅದನ್ನು ಸರ್ಕಾರಿ ಅಭಿಯೋಜಕರು, ಅಂದರೆ ಸರ್ಕಾರದ ಪರ ವಕೀಲರು, ಕೇಳಬೇಕು, ನ್ಯಾಯಾಲಯ ಒಪ್ಪಬೇಕು. ಹೊಸ ಸಂಹಿತೆಯ 360ನೇ ಕಲಮಿನಂತೆ ಒಪ್ಪುವ ಮೊದಲು ಸಂತ್ರಸ್ತರ, ಕೊಲೆಯಲ್ಲಾದರೆ ಸತ್ತವನ ಮನೆಯವರ, ಮಾತನ್ನು ಕೇಳುವ ಅವಕಾಶವನ್ನೂ ಕೊಡಬೇಕು. ಇದರಲ್ಲಿ ಎಲ್ಲಿಯೂ ಠಾಣೆಯ ಮೇಜಿನ ಮುಂದೆ ಕಣ್ಣೀರು ಹಾಕುತ್ತ ಹರಿದು ಬಿಸಾಡುವ ಕಾಗದ ಬರುವುದಿಲ್ಲ.

ಹಾಗಾದರೆ ‘ನಮ್ಮೂರಲ್ಲೇ ಒಂದು ಕೊಲೆ ಕೇಸು ವಾಪಸ್ ಆಯಿತು, ನಾನೇ ಕಂಡಿದ್ದೇನೆ’ ಎಂದು ಅರಸೀಕೆರೆಯವರೂ ಹೇಳುತ್ತಾರೆ, ಅರಕಲಗೂಡಿನವರೂ ಹೇಳುತ್ತಾರಲ್ಲ? ಅವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ಖುಲಾಸೆಯನ್ನು. ಗದ್ದೆಯ ಬದುವಿನ ಜಗಳ ಕೊಲೆಗೆ ಮುಟ್ಟಿರುತ್ತದೆ, ಎರಡೂ ಕಡೆಯವರು ನೆಂಟರೇ ಆಗಿರುತ್ತಾರೆ, ವಿಚಾರಣೆ ಶುರುವಾಗುವ ಹೊತ್ತಿಗೆ ಹಿರಿಯರು ಕೂರಿಸಿ ಹೊಂದಿಸಿರುತ್ತಾರೆ. ಆಮೇಲೆ ಸಾಕ್ಷಿ ಕಟಕಟೆ ಹತ್ತಿ ‘ನಾನು ಏನನ್ನೂ ನೋಡಿಲ್ಲ’ ಎನ್ನುತ್ತಾನೆ. ಸರ್ಕಾರಿ ಅಭಿಯೋಜಕರು ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲು ಕೋರಿ, ಪಾಟಿ ಸವಾಲಿಗೆ ಅನುಮತಿ ಪಡೆಯುತ್ತಾರೆ. ಬೆರಳಚ್ಚುಗಾರರು ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲ ಸಾಲು ಆಗ ದಾಖಲಾಗುತ್ತದೆ: ‘ಆರೋಪಿಯೊಂದಿಗೆ ರಾಜಿಯಾಗಿರುವುದರಿಂದ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಕೋರ್ಟಿನಲ್ಲಿ ಕೂತ ಎಲ್ಲರಿಗೂ ಗೊತ್ತು, ಅದೇ ಸರಿ ಎಂದು.

ಇದು ಕೇಸು ವಾಪಸ್ ಪಡೆಯುವ ಉಪಾಯವಲ್ಲ, ಅಪರಾಧ. ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯ ನುಡಿದರೆ 7 ವರ್ಷದವರೆಗೆ ಜೈಲು. ಮೊದಲೇ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದವರಿಗೆ ಸಿಕ್ಕಿಬೀಳುವ ದಾರಿ ಇನ್ನೂ ಹತ್ತಿರ. ಧಾರಾವಾಹಿಗಳು ಬಾಯಿ ಬಿಡದ ಸಂಗತಿ ಇನ್ನೊಂದಿದೆ. ಮರಣದಂಡನೆ ವಿಧಿಸಬಹುದಾದ ಅಪರಾಧವನ್ನು ಮುಚ್ಚಿಹಾಕಲು ಅಥವಾ ಅಪರಾಧಿಯನ್ನು ಶಿಕ್ಷೆಯಿಂದ ಪಾರುಮಾಡಲು ಹಣವನ್ನೋ ಜಮೀನನ್ನೋ ಪಡೆದವರಿಗೂ 7 ವರ್ಷದವರೆಗೆ ಶಿಕ್ಷೆಯಿದೆ. ಕೊಟ್ಟವರಿಗೂ ಅಷ್ಟೇ. ಪಂಚಾಯಿತಿಯಲ್ಲಿ ಸ್ಟಾಂಪ್ ಕಾಗದದ ಮೇಲೆ ಕರಾರು ಬರೆಸಿಕೊಳ್ಳುವ ಮಹನೀಯರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ, ಸ್ವಂತ ಖರ್ಚಿನಲ್ಲಿ ತಯಾರಿಸುತ್ತಿರುತ್ತಾರೆ. ಅದೂ ಅಲ್ಲದೆ ಸಾಕ್ಷಿ ತಿರುಗಿಬಿದ್ದ ಮಾತ್ರಕ್ಕೆ ಖುಲಾಸೆ ಖಚಿತವೂ ಅಲ್ಲ. ಅವನ ಹೇಳಿಕೆಯಲ್ಲಿ ನಂಬಬಹುದಾದ ಭಾಗವನ್ನು ನ್ಯಾಯಾಲಯ ಇಟ್ಟುಕೊಳ್ಳಬಹುದು; ಶವಪರೀಕ್ಷೆಯ ವರದಿ, ಜಪ್ತಿಯಾದ ಮಚ್ಚು, ಮೊಬೈಲ್ ಕರೆಗಳ ವಿವರ ಇವು ಯಾವ ಪಂಚಾಯಿತಿಗೂ ಬರುವುದಿಲ್ಲ.

ಧಾರಾವಾಹಿಯಲ್ಲಿ ಮನೆಯವರು ಇಟ್ಟ ವಕೀಲರೇ ಇಡೀ ಕೇಸು ನಡೆಸುತ್ತಾರಲ್ಲ, ಅದನ್ನೂ ಇಲ್ಲೇ ಮುಗಿಸುತ್ತೇನೆ. ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಸುವವರು ಸರ್ಕಾರಿ ಅಭಿಯೋಜಕರು. ಮನೆಯವರು ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಅವರ ಕೆಲಸ ಅಭಿಯೋಜಕರಿಗೆ ನೆರವಾಗುವುದು. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದ ಸಲ್ಲಿಸುವುದು. ಕಟಕಟೆಯ ಮುಂದೆ ಮೂರು ಸುತ್ತು ಹಾಕಿ ಗುಡುಗುವ ಭಾಗ್ಯ ಇಲ್ಲ. ಹಾಗೆಂದು ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಜಾಮೀನು ಅರ್ಜಿಯ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನಗಳೊಳಗೆ ತಿಳಿಸಬೇಕು. ಆರೋಪಿ ಖುಲಾಸೆಯಾದರೆ ಮನೆಯವರೇ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಮೊದಲು ಅನುಮತಿ ಬೇಡಬೇಕಿಲ್ಲ ಎಂಬ 2018ರ ತೀರ್ಪು ಬಂದದ್ದು ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ. ಖುಲಾಸೆಯ ಮರುಸಂಚಿಕೆಯಲ್ಲಿ ನಾಯಕಿ ಕುಡುಗೋಲು ಹಿಡಿಯುವ ಅಗತ್ಯವೇ ಇರಲಿಲ್ಲ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ, ಏಕೆಂದರೆ ರಾಜಿಗೆ ಒಪ್ಪುವ ಹೆಚ್ಚಿನವರನ್ನು ಅಲ್ಲಿಗೆ ತಳ್ಳುವುದು ಭಯಕ್ಕಿಂತ ಖರ್ಚು. ದುಡಿಯುವವನು ಹೋದ, ಕೈಸಾಲ ತೀರಿಲ್ಲ, ಪ್ರತಿ ವಾಯಿದೆಗೂ ಬಸ್ ಚಾರ್ಜು ಕೊಟ್ಟು ಹಾಸನಕ್ಕೆ ಬರಬೇಕು. ಧಾರಾವಾಹಿಯ ಮನೆಗಳಲ್ಲಿ ರೇಷ್ಮೆ ಸೀರೆ ಮಾಸುವುದಿಲ್ಲವಾದ್ದರಿಂದ ಈ ಮಾತು ಬರುವುದಿಲ್ಲ. ಸಂತ್ರಸ್ತರ ಪರಿಹಾರ ಯೋಜನೆ ಎಂಬುದೊಂದಿದೆ. ಕರ್ನಾಟಕದಲ್ಲಿ ಅದು 2011ರಿಂದ ಇದೆ. ನ್ಯಾಯಾಲಯ ಶಿಫಾರಸು ಮಾಡಿದರೆ ಎಷ್ಟು ಪರಿಹಾರ ಎಂಬುದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನಿರ್ಧರಿಸುತ್ತದೆ. ಆರೋಪಿ ಖುಲಾಸೆಯಾದರೂ ನ್ಯಾಯಾಲಯ ಶಿಫಾರಸು ಮಾಡಬಹುದು. ಕೊಂದವನು ಯಾರೆಂದು ಪತ್ತೆಯೇ ಆಗದೆ ವಿಚಾರಣೆ ನಡೆಯದಿದ್ದರೆ ಅವಲಂಬಿತರು ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಆದ್ದರಿಂದ ಸತ್ತವನ ತಾಯಿಯೋ ಹೆಂಡತಿಯೋ ವಕೀಲರ ಫೀಸಿಗೆ ಒಡವೆ ಅಡವಿಡಬೇಕಿಲ್ಲ. ಸಹಾಯವಾಣಿ 15100. ಹೋಗುವಾಗ ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ಶವಪರೀಕ್ಷೆ ವರದಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಠಾಣೆಯವರು ಪುಕ್ಕಟೆಯಾಗಿ ಕೊಡಬೇಕು. ಯಾರಾದರೂ ಜೆರಾಕ್ಸ್ ಖರ್ಚು ಕೇಳಿದರೆ ಕೊಡಬೇಡಿ.