‘ರ್ಯೂ’ ಅಂದರೆ ಶಾಲೆಯಲ್ಲ

ಮೊನ್ನೆ ನಮ್ಮ ಬೀದಿಯ ಲೈಟ್ ಕಂಬಕ್ಕೆ ಯಾರೋ ಒಂದು ಚೀಟಿ ಅಂಟಿಸಿದ್ದರು. ‘ಸಮುರಾಯ್ ಕಾಲದ ಕೊರ್ಯೂ ಕರಾಟೆ, 6 ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್.’ ಪಕ್ಕದಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಚಿತ್ರ. ಕೊರ್ಯೂ ಅಂದರೆ ಜಪಾನಿನ ಹಳೆಯ ಯುದ್ಧಕಲೆಗಳ ಪರಂಪರೆ. ಒಂದೇ ಚೀಟಿಯಲ್ಲಿ ಇಷ್ಟು ತಪ್ಪು ಹೇಗೆ ಹಿಡಿಸಿದರೋ! ಇಂಥದ್ದನ್ನು ನೋಡಿ ಸುಮ್ನೆ ಮುಂದೆ ಹೋಗಿದ್ದು ಸಾಕಾಯಿತು. ಈ ಸಲ ಬರೆದೇ ಬಿಡುತ್ತೇನೆ.

ಮೊದಲು ಡ್ರ್ಯಾಗನ್. ಜಪಾನಿ ಭಾಷೆಯಲ್ಲಿ ಅದಕ್ಕೂ ‘ರ್ಯೂ’ ಅಂತಾರೆ, ನಿಜ. ಆದರೆ ಬರೆಯುವ ಅಕ್ಷರವೇ ಬೇರೆ. ಕತ್ತಿವರಸೆ, ಹೂವಿನ ಜೋಡಣೆ ಮುಂತಾದ ಕಲೆಗಳ ಹೆಸರಿನ ಕೊನೆಗೆ ಬರುವ ರ್ಯೂಗೂ ಡ್ರ್ಯಾಗನ್‌ಗೂ ಸಂಬಂಧವಿಲ್ಲ. ಈ ರ್ಯೂ ಅಕ್ಷರದ ಎಡಗಡೆ ಮೂರು ಪುಟ್ಟ ಗೀಟುಗಳಿವೆ. ಅವು ನೀರಿನ ಹನಿಗಳು. ‘ನಗರೆರು’, ಅಂದರೆ ಹರಿಯುವುದು, ಎಂಬ ಕ್ರಿಯಾಪದವನ್ನೂ ಇದೇ ಅಕ್ಷರದಿಂದ ಬರೆಯುತ್ತಾರೆ. ರ್ಯೂ ಅಂದರೆ ಹರಿವು.

ಇದನ್ನು ‘ಶಾಲೆ’ ಮಾಡಿದ್ದು ಇಂಗ್ಲಿಷ್‌ನ ಸ್ಕೂಲ್. ನಾವು ಅದನ್ನು ಹಾಗೇ ಎತ್ತಿಕೊಂಡೆವು. ಶಾಲೆ ಅಂದ ಕೂಡಲೇ ಕಟ್ಟಡ, ಫೀಸು, ಸರ್ಟಿಫಿಕೇಟು ಕಣ್ಣಿಗೆ ಬರುತ್ತವೆ. ಹರಿವಿಗೆ ಕೇಳಬೇಕಾದ್ದು ಬೇರೆಯೇ: ಎಲ್ಲಿಂದ ಬಂತು, ಯಾರ ಮೂಲಕ ಬಂತು, ನಡುವೆ ಎಲ್ಲಾದರೂ ಬತ್ತಿತ್ತಾ? ಕನ್ನಡದಲ್ಲಿ ಹತ್ತಿರದ ಪದ ಬೇಕಿದ್ದರೆ ಸಂಗೀತದವರ ‘ಪಾಠಾಂತರ’ ಇದೆ. ಪುಸ್ತಕದ ಸ್ವರಲಿಪಿ ನೋಡಿ ಒಂದು ಕೃತಿ ಹಾಡಿದರೆ ಅದನ್ನು ಯಾರೂ ಪಾಠಾಂತರ ಎನ್ನುವುದಿಲ್ಲ, ಅಲ್ವಾ? ಗುರುವಿನ ಎದುರು ಕೂತು ಕಲಿತಿರಬೇಕು. ರ್ಯೂ ಕೂಡ ಹಾಗೇ.

ಇನ್ನು ‘ಕೊ’. ಅಂದರೆ ಹಳೆಯದು. ಎಷ್ಟು ಹಳೆಯದು ಅನ್ನುವುದಕ್ಕೆ ರೂಢಿಯಲ್ಲಿ ಒಂದು ಗೆರೆ ಇದೆ: 1868, ಸಮುರಾಯ್‌ಗಳ ಆಳ್ವಿಕೆ ಮುಗಿದು ಮೇಯ್ಜಿ ಚಕ್ರವರ್ತಿಯ ಆಡಳಿತ ಶುರುವಾದ ವರ್ಷ. ಅದಕ್ಕೂ ಮೊದಲು ಹುಟ್ಟಿ ಇವತ್ತಿನವರೆಗೆ ಕೈಯಿಂದ ಕೈಗೆ ಬಂದದ್ದು ಕೊರ್ಯೂ. 1876ರಲ್ಲಿ ಕತ್ತಿ ಧರಿಸುವುದನ್ನೇ ಸರ್ಕಾರ ನಿಷೇಧಿಸಿತು. ಆ ಕಾಲದ ನಂತರ ಬಂದವು ಹೊಸ ಕಲೆಗಳು. ಜಿಗೊರೊ ಕಾನೊ 1882ರಲ್ಲಿ ಜೂಡೋ ಕಟ್ಟಿದರು. ಅವರು ಕಲಿತಿದ್ದ ತೆನ್‌ಜಿನ್ ಶಿನ್ಯೊ ರ್ಯೂ ಮತ್ತು ಕಿತೊ ರ್ಯೂ ಎರಡೂ ಕೊರ್ಯೂ. ಜೂಡೋ ಅಲ್ಲ. ಕರಾಟೆಯಂತೂ ಓಕಿನಾವಾ ದ್ವೀಪದ್ದು. ಗಿಚಿನ್ ಫುನಾಕೊಶಿ ಅದನ್ನು ಟೋಕಿಯೊದಲ್ಲಿ ತೋರಿಸಿದ್ದು 1922ರಲ್ಲಿ. ಆ ಹೊತ್ತಿಗೆ ಸಮುರಾಯ್‌ಗಳ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಕರಾಟೆಯನ್ನು ಕೀಳು ಮಾಡಲು ಹೇಳುತ್ತಿಲ್ಲ. ಅದಕ್ಕೆ ಅದರದೇ ಒಳ್ಳೆಯ ಚರಿತ್ರೆ ಇದೆ, ಇನ್ನೊಬ್ಬರದ್ದನ್ನು ಹೊದಿಸುವುದು ಯಾಕೆ?

ನಿಜವಾದ ಕೊರ್ಯೂ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ತೆನ್‌ಶಿನ್ ಶೋದೆನ್ ಕತೊರಿ ಶಿಂತೊ ರ್ಯೂ ಎಂಬ ಕತ್ತಿವರಸೆಯ ಪರಂಪರೆ ನೋಡಿ. 15ನೇ ಶತಮಾನದ್ದು. ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದಲ್ಲಿ ಕತೊರಿ ದೇಗುಲವಿದೆ. ಯುದ್ಧಗಳಲ್ಲಿ ಹೆಸರು ಮಾಡಿದ್ದ ಇಯೆನಾವೊ ಈಝಾಸ ಅರವತ್ತರ ಆಸುಪಾಸಿನಲ್ಲಿ ಅಲ್ಲಿ ಸಾವಿರ ದಿನ ವ್ರತ ಹಿಡಿದು ಅಭ್ಯಾಸ ಮಾಡಿದ, ದೇವರು ಹುಡುಗನ ರೂಪದಲ್ಲಿ ಬಂದು ವಿದ್ಯೆ ಕೊಟ್ಟ ಅಂತ ಐತಿಹ್ಯ. ಐತಿಹ್ಯ ಏನೇ ಇರಲಿ, ಈಝಾಸ ಮನೆತನ 20ನೇ ತಲೆಮಾರಿನವರೆಗೂ ಇದನ್ನು ಕೈಬಿಡಲಿಲ್ಲ. 1960ರಲ್ಲಿ ಚಿಬಾ ಪ್ರಾಂತ್ಯ ಇದನ್ನು ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು.

ಇಲ್ಲಿ ಸೇರುವಾಗ ‘ಕೆಪ್ಪಾನ್’ ಎಂಬ ಪದ್ಧತಿ ಇದೆ. ಬೆರಳು ಚುಚ್ಚಿ, ಹೆಸರಿನ ಕೆಳಗೆ ರಕ್ತದ ಗುರುತು ಒತ್ತಿ ಪ್ರಮಾಣ ಮಾಡಬೇಕು. ಕಲಿತದ್ದನ್ನು ಮನೆಯವರಿಗೂ ಬಿಟ್ಟುಕೊಡುವಂತಿಲ್ಲ. ಪೂರ್ತಿ ಕಲಿತು ಮುಗಿಯುವವರೆಗೆ ಬೇರೆ ರ್ಯೂದವರ ಜೊತೆ ಕತ್ತಿ ಎತ್ತುವಂತಿಲ್ಲ. ಹರಿವಿಗೆ ಕಟ್ಟಿದ ದಂಡೆಯೇ ಇದು.

ಕಲಿಕೆ ಪೂರ್ತಿ ‘ಕತಾ’ದಲ್ಲಿ, ಅಂದರೆ ಮೊದಲೇ ಗೊತ್ತುಮಾಡಿದ ವರಸೆಗಳ ಸರಣಿಯಲ್ಲಿ. ಕರಾಟೆ ಕ್ಲಾಸಿನಲ್ಲಿ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುವ ಕತಾ ಅಲ್ಲ. ಇಲ್ಲಿ ಇಬ್ಬರು ಎದುರುಬದುರು, ಕೈಯಲ್ಲಿ ಓಕ್ ಮರದ ಕತ್ತಿ. ಉದ್ದುದ್ದ ವರಸೆ, ಟಕ ಟಕ ಸದ್ದು, ನಿಲ್ಲದೆ ನಡೆಯುತ್ತದೆ. ನೋಡುವವರಿಗೆ ಕತ್ತಿಗೆ ಕತ್ತಿ ತಾಗಿಸುವ ಆಟ ಅನಿಸುತ್ತದೆ. ಆದರೆ ಇಬ್ಬರೂ ಬೇಕಂತಲೇ ಸ್ವಲ್ಪ ದೂರ ನಿಂತಿರುತ್ತಾರೆ. ಒಂದು ಹೆಜ್ಜೆ ಒಳಗೆ ಬಂದರೆ ಕತ್ತಿಗೆ ಬಿದ್ದ ಏಟು ಕುತ್ತಿಗೆಗೋ ಮಣಿಕಟ್ಟಿಗೋ ಕಂಕುಳಿಗೋ ಬೀಳುತ್ತಿತ್ತು. ಕವಚ ತೊಟ್ಟವನ ಮೈಯಲ್ಲಿ ಸಂದು ಇರುವುದು ಅಲ್ಲೇ. ಗುಟ್ಟು ಹೊರಗೆ ಹೋಗಬಾರದು, ಜೊತೆಗಾರ ಸಾಯಲೂಬಾರದು. ಎರಡಕ್ಕೂ ಒಂದೇ ಉಪಾಯ.

ಹೆಚ್ಚಿನ ಕೊರ್ಯೂಗಳಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದು: ಇಬ್ಬರಲ್ಲಿ ಸೋಲುವ ಪಾತ್ರ ಹಿರಿಯರದ್ದು. ಏಟನ್ನು ಯಾವಾಗ, ಎಷ್ಟು ಜೋರಾಗಿ ಹಾಕಿದರೆ ಶಿಷ್ಯ ಕಲಿಯುತ್ತಾನೆ ಅನ್ನುವುದು ಗೊತ್ತಿರುವುದು ಅವರಿಗೆ ತಾನೇ. ವಿಡಿಯೊ ನೋಡಿ ಕೊರ್ಯೂ ಕಲಿತೆ ಅನ್ನುವವರಿಗೆ ಈ ಅರ್ಧ ಸಿಗುವುದೇ ಇಲ್ಲ.

ಕತೊರಿ ರ್ಯೂದವರು ‘ಮರಿಶಿತೆನ್’ ಎಂಬ ದೇವತೆಯನ್ನು ನೆನೆಯುತ್ತಾರೆ. ಹೆಸರನ್ನು ಬಾಯಿಬಿಟ್ಟು ಇನ್ನೊಮ್ಮೆ ಹೇಳಿ. ಹೌದು, ನಮ್ಮ ‘ಮರೀಚಿ’, ಬೆಳಕಿನ ಕಿರಣ. ಮರೀಚಿಕೆಯಲ್ಲಿ ಇರುವುದೂ ಅದೇ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋದ ಹೆಸರು. ಬಿಸಿಲ್ಗುದುರೆಯನ್ನು ಯಾರೂ ಹಿಡಿಯಲಾರರು, ಕಡಿಯಲಾರರು. ಯೋಧರು ಈ ದೇವತೆಯನ್ನು ಬೇಡಿದ್ದು ಅದಕ್ಕೇ. ಅಭ್ಯಾಸ ಮಾಡುವ ಜಾಗಕ್ಕೆ ಹೇಳುವ ‘ದೋಜೋ’ ಕೂಡ ಹಾಗೇ ಹೋದದ್ದು. ಬುದ್ಧನಿಗೆ ಜ್ಞಾನೋದಯವಾದ ಜಾಗಕ್ಕೆ ಸಂಸ್ಕೃತದಲ್ಲಿ ಬೋಧಿಮಂಡ ಅನ್ನುತ್ತಾರೆ. ಚೀನೀಯರು ಅದನ್ನು ಅನುವಾದಿಸಿದ ಪದವೇ ಜಪಾನಿಯಲ್ಲಿ ದೋಜೋ.

ಕೊನೆಗೆ ಬೆಲ್ಟ್. ಅದು ಜೂಡೋದಿಂದ ಬಂದ ರೂಢಿ. ಹಳೆಯ ಕ್ರಮದಲ್ಲಿ ಕೊಡುತ್ತಿದ್ದದ್ದು ಕಾಗದದ ಸುರುಳಿ. ಮೊದಲು ‘ಮೊಕುರೊಕು’, ಅಂದರೆ ಪಟ್ಟಿ: ಇಂತಿಂಥದ್ದು ಕಲಿಸಿದ್ದೇನೆ ಅಂತ. ಆಮೇಲೆ ‘ಮೆನ್‌ಕ್ಯೊ’, ಅಂದರೆ ಪರವಾನಗಿ. ಎಲ್ಲಕ್ಕಿಂತ ಕೊನೆಗೆ ‘ಕಾಯ್‌ದೆನ್’. ‘ಕಾಯ್’ ಅಂದರೆ ಎಲ್ಲ, ‘ದೆನ್’ ಅಂದರೆ ದಾಟಿಸಿದ್ದು. ಕತೊರಿಯವರ ಹೆಸರಿನ ‘ಶೋದೆನ್’ನಲ್ಲೂ ಇದೇ ದೆನ್ ಇದೆ: ಸರಿಯಾಗಿ ದಾಟಿ ಬಂದದ್ದು.