ಹತ್ತು ಮಕ್ಕಳಿಗೊಬ್ಬ ಮಾಸ್ತರು: ಮುಂಬಯಿ ಕನ್ನಡ ಶಾಲೆಗಳ ಹಿನ್ನೆಲೆ

2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ಕಲಿಸಬೇಕೆಂದು ಆದೇಶ ಹೊರಡಿಸಿತು. ಗಲಾಟೆ ಜೋರಾಯಿತು, ಜೂನ್ 29ಕ್ಕೆ ಹಿಂತೆಗೆದುಕೊಂಡಿತು. ಅಷ್ಟೂ ದಿನ ಟೀವಿಯಲ್ಲಿ ಕೇಳಿಬಂದದ್ದು ಒಂದೇ ಪ್ರಶ್ನೆ: ಆರು ವರ್ಷದ ಮಗು ಮೂರು ಭಾಷೆಗಳ ಭಾರ ಹೊರಬಹುದೇ? ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳ ಸುದ್ದಿ ಯಾರೂ ಎತ್ತಲಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಅವರಿಗೆ ಹಳೆಯ ಸಂಗತಿ. ಮನೆಯಲ್ಲಿ ತುಳುವೋ ಲಂಬಾಣಿಯೋ ಇದ್ದರೆ ನಾಲ್ಕಾಯಿತು, ಗಲ್ಲಿಯ ಹಿಂದಿ ಸೇರಿದರೆ ಐದು.

ಈ ಊರಲ್ಲಿ ಕನ್ನಡ ಯಾವಾಗಲೂ ಅಲ್ಪಸಂಖ್ಯಾತರ ಭಾಷೆ ಎನಿಸಿಕೊಂಡಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, 1862ರಿಂದ ಉತ್ತರ ಕನ್ನಡವೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡದವನಿಗೆ ಮುಂಬಯಿ ಎಂದರೆ ತನ್ನದೇ ರಾಜಧಾನಿ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು (ಚಂದಗಡ ತಾಲ್ಲೂಕೊಂದನ್ನು ಬಿಟ್ಟು) ಮೈಸೂರು ರಾಜ್ಯಕ್ಕೆ ಹೋದವು. ವಡಾಲದಲ್ಲೋ ದಾದರಿನಲ್ಲೋ ಬಾಡಿಗೆಗಿದ್ದ ಗುಮಾಸ್ತ ಕೂತಲ್ಲೇ ಭಾಷಾ ಅಲ್ಪಸಂಖ್ಯಾತನಾದ.

ದಕ್ಷಿಣ ಕನ್ನಡದವರ ಕಥೆ ಬೇರೆ. ಅವರ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು, ಹಾಗಾಗಿ ಅವರು ಮೊದಲಿಂದಲೂ ಇಲ್ಲಿ ಹೊರಗಿನವರೇ. ಸರ್ಕಾರದ ದಾರಿ ಕಾಯದೆ ತಾವೇ ಶಾಲೆ ಕಟ್ಟಿಕೊಂಡವರೂ ಅವರೇ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮೊಗವೀರರು, ಬಿಲ್ಲವರು, ಮತ್ತೆ ಬೇರೆ ಸಮಾಜದವರು ನಡೆಸಿದ ರಾತ್ರಿಶಾಲೆಗಳು ಈ ನಗರದ ಶಿಕ್ಷಣ ಚರಿತ್ರೆಯಲ್ಲಿ ತಕ್ಕ ಜಾಗ ಪಡೆದಿಲ್ಲ ಎಂಬುದು ನನ್ನ ತಕರಾರು. ಊರಿಂದ ಬಂದ ಹುಡುಗ ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ಗ್ಲಾಸು ತೊಳೆದು, ಸಂಜೆ ಫೋರ್ಟಿನ ರಾತ್ರಿಶಾಲೆಯ ಬೆಂಚಿಗೆ ಬರುತ್ತಿದ್ದ. ಅವನ ಮನೆಮಾತು ತುಳು. ಕನ್ನಡವೂ ಅವನಿಗೆ ಶಾಲೆಯಲ್ಲೇ ಒಲಿದ ಭಾಷೆ. ಆದರೂ ಊರಿನ ಶಾಲೆಯಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಅದೇ ಅಕ್ಷರದಲ್ಲಿ ಮುಂದುವರಿಸಬಹುದಿತ್ತು. ಅಲ್ಲಿಂದ ಹತ್ತನೇ ತರಗತಿಯ ಎಸ್ಸೆಸ್ಸಿ ಪರೀಕ್ಷೆ, ಆಮೇಲೆ ಬ್ಯಾಂಕೋ ವಕೀಲಿಯೋ ಸ್ವಂತ ಹೋಟೆಲೋ. 2006ರ ಅಕ್ಟೋಬರ್‌ನಲ್ಲಿ ಹದಿನಾಲ್ಕರೊಳಗಿನವರನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ ನಿಷೇಧ ಬಂತು. ಆಗಬೇಕಾದದ್ದೇ. ಅಷ್ಟರಲ್ಲಿ ಕರಾವಳಿಯ ಹುಡುಗರು ಶಾಲೆ ಬಿಟ್ಟು ಮುಂಬಯಿಗೆ ಓಡಿಬರುವ ಕಾಲವೂ ಮುಗಿಯುತ್ತ ಬಂದಿತ್ತು.

ಇನ್ನು ಕಾನೂನು. 1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಸೂತ್ರ ಒಪ್ಪಿದರು: ಒಂದು ಶಾಲೆಯಲ್ಲಿ 40 ಮಕ್ಕಳೋ ಒಂದು ತರಗತಿಯಲ್ಲಿ 10 ಮಕ್ಕಳೋ ಪ್ರಾದೇಶಿಕ ಭಾಷೆ ಬಿಟ್ಟು ಬೇರೊಂದು ಮಾತೃಭಾಷೆಯವರಾಗಿದ್ದರೆ, ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕು. 1956ರ ಏಳನೇ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿ ಸೇರಿಸಿತು. ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸಾಕಷ್ಟು ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಎಂಬುದು ಅದರ ಸಾರ. ನಿಗಾ ಇಡಲು 350ಬಿ ಅಡಿಯಲ್ಲಿ ಒಬ್ಬ ವಿಶೇಷಾಧಿಕಾರಿ.

1949ರ ಸೂತ್ರ ಕೇಳಿದ್ದು ಒಬ್ಬ ಮಾಸ್ತರನ್ನು. ಬೇರೆ ಶಾಲೆ, ಬೇರೆ ಬೋರ್ಡು ಬೇಕೇಬೇಕು ಎಂದು ಅದು ಹೇಳಿರಲಿಲ್ಲ. ಆದರೆ ಮುಂಬಯಿಯಲ್ಲಿ ಬೆಳೆದದ್ದು ‘ಮಾಧ್ಯಮ’ವಾರು ಶಾಲೆಗಳೇ. ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅದರ ಜತೆಗೆ ಕನ್ನಡ ಸಂಸ್ಥೆಗಳ ಅನುದಾನಿತ ಶಾಲೆಗಳು. 1967ರಲ್ಲಿ ಪುಣೆಯಲ್ಲಿ ಶುರುವಾದ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಇವಕ್ಕೆಲ್ಲ ಕನ್ನಡದಲ್ಲೇ ಪುಸ್ತಕ ಒದಗಿಸುತ್ತ ಬಂದಿದೆ. ಪಾಠಕ್ರಮ ಮಾತ್ರ ಮಹಾರಾಷ್ಟ್ರದ್ದು. ಕರ್ನಾಟಕದ ಓದುಗರಿಗೆ ಇದು ಸೋಜಿಗ ಅನಿಸೀತು: ಇಲ್ಲಿನ ನಾಲ್ಕನೇ ತರಗತಿಯ ಮಗು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತದೆ.

ಮರಾಠಿ ಕಡ್ಡಾಯ ಎಂಬುದಕ್ಕೆ ನಮ್ಮವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಕೋರ್ಟಿಗೆ ಹೋದದ್ದು ಗುಜರಾತಿಗಳು. 2004ರಲ್ಲಿ ಸುಪ್ರೀಂ ಕೋರ್ಟು, ಅಲ್ಪಸಂಖ್ಯಾತರ ಶಾಲೆಯಲ್ಲೂ ರಾಜ್ಯಭಾಷೆ ಕಲಿಸೆನ್ನುವುದು ತಪ್ಪಲ್ಲ ಎಂದಿತು. ಮಹಾರಾಷ್ಟ್ರದ 2020ರ ಕಾಯ್ದೆ ಎಲ್ಲ ಬೋರ್ಡಿನ ಶಾಲೆಗಳಿಗೂ ಅದನ್ನು ವಿಸ್ತರಿಸಿತು.

ಹಾಗಾದರೆ ಕನ್ನಡ ಶಾಲೆಗಳು ಸೊರಗಿದ್ದೇಕೆ? ಸರ್ಕಾರದ ಮಲತಾಯಿ ಧೋರಣೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರ ಮೊಮ್ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಒಮ್ಮೆ ಕೇಳಬೇಕು. ಮೊದಲು ಬಿಟ್ಟುಹೋದದ್ದು ತಂದೆತಾಯಿಗಳೇ. ಫೋರ್ಟಿನ ಖೋಲಿ ಬಿಟ್ಟು ಡೊಂಬಿವಲಿ, ಮೀರಾರೋಡು, ನಾಲಾಸೋಪಾರಕ್ಕೆ ಸಂಸಾರಗಳು ಹಂಚಿಹೋದವು. ಶಾಲೆಯ ಕಟ್ಟಡ ಅವರ ಹಿಂದೆ ಹೋಗಲಾರದಲ್ಲ. ಉಳಿದ ಕೆಲಸವನ್ನು ‘ಸಂಚಮಾನ್ಯತೆ’ ಮಾಡಿತು. ಮಕ್ಕಳ ತಲೆ ಎಣಿಸಿ ಎಷ್ಟು ಶಿಕ್ಷಕರೆಂದು ತೀರ್ಮಾನಿಸುವ ಲೆಕ್ಕವದು. ಮಕ್ಕಳು ಇಳಿದರೆ ಶಿಕ್ಷಕರು ಸರ್‌ಪ್ಲಸ್. ಶಿಕ್ಷಕರಿಲ್ಲದ ಶಾಲೆಗೆ ಮುಂದಿನ ವರ್ಷ ಮಗುವನ್ನು ಯಾರು ಸೇರಿಸುತ್ತಾರೆ? ಕೆಲವು ಸಂಸ್ಥೆಗಳು ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ಸೆಮಿ ಇಂಗ್ಲಿಷಿಗೆ ಹೊರಳಿದವು, ಕೆಲವು ಅದೇ ಆವರಣದಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದವು.

ಈ ಶಾಲೆಗಳಿಗಾಗಿ ಮರುಗುವಾಗ ನಾವು ಮರೆಯುವವರು ಇನ್ನೊಬ್ಬರಿದ್ದಾರೆ. 2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಅವರಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳೂ ಇವೆ. ಆ ಮಕ್ಕಳು ಹತ್ತಿರದ ಮರಾಠಿಯೋ ಹಿಂದಿಯೋ ಶಾಲೆಗೆ ಸೇರುತ್ತಾರೆ. ಕಂತ್ರಾಟುದಾರ ಸೈಟು ಬದಲಿಸಿದರೆ ಶಾಲೆಯೂ ಬದಲು. ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂತ ಮಗುವಿಗೆ ಲೆಕ್ಕ ಬರುವುದಿಲ್ಲವೋ, ಲೆಕ್ಕ ಕೇಳಿದ ಭಾಷೆ ತಿಳಿಯುವುದಿಲ್ಲವೋ ಎಂದು ಪತ್ತೆಹಚ್ಚಲು ಅದರ ಮಾತು ಬಲ್ಲವರೊಬ್ಬರು ಬೇಕು. ಇದಕ್ಕೆ ಕನ್ನಡ ಮಾಧ್ಯಮವೇ ಬೇಕಿಲ್ಲ. ಮೊದಲ ಒಂದೆರಡು ವರ್ಷ ಮಗುವಿನ ಮಾತಿನಲ್ಲಿ ವಿವರಿಸಿ, ಮರಾಠಿಯನ್ನು ಹೊಸ ಭಾಷೆಯಂತೆಯೇ ಹಂತಹಂತವಾಗಿ ಕಲಿಸಿದರೆ ಸಾಕಾದೀತು. ಹತ್ತು ಮಕ್ಕಳಿಗೊಬ್ಬ ಮಾಸ್ತರು ಎಂಬ 1949ರ ಸೂತ್ರ ಇಂಥವರಿಗೇ ಹೇಳಿ ಮಾಡಿಸಿದ್ದು.

ಮಾಹಿತಿಗೆ ಕೊರತೆಯಿಲ್ಲ. 2022-23ರಿಂದ ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು-ಡೈಸ್ ಪ್ಲಸ್‌ನಲ್ಲಿ ಪ್ರತಿ ವಿದ್ಯಾರ್ಥಿಯ ವಿವರ ಬೇರೆಬೇರೆಯಾಗಿ ತುಂಬುತ್ತಾರೆ, ಮಾತೃಭಾಷೆಯ ಕಾಲಮೂ ಅದರಲ್ಲಿದೆ. ಪಾಲಿಕೆಯ ಎಷ್ಟೋ ಕಟ್ಟಡಗಳಲ್ಲಿ ಒಂದೊಂದು ಮಾಳಿಗೆಯಲ್ಲಿ ಒಂದೊಂದು ಮಾಧ್ಯಮದ ಶಾಲೆ ನಡೆಯುತ್ತದೆ. ಸರ್‌ಪ್ಲಸ್ ಆದ ಕನ್ನಡ ಶಿಕ್ಷಕರನ್ನು ಜನಗಣತಿ, ಚುನಾವಣೆ ಕೆಲಸಗಳಿಗೆ ಅಟ್ಟುವ ಬದಲು ವಾರಕ್ಕೆ ಕೆಲವು ತಾಸು ಕೆಳಗಿನ ಮಾಳಿಗೆಯ ಮರಾಠಿ ಒಂದನೇ ತರಗತಿಗೆ ಕಳಿಸಲು ಹೊಸ ಕಾನೂನೇನೂ ಬೇಕಾಗಿಲ್ಲ.