ಮಂತ್ರಿಯನ್ನು ಮಾಡಿದವನು ತಾನೇಕೆ ಚುನಾವಣೆಗೆ ನಿಲ್ಲಲಿಲ್ಲ?

ಪ್ರಶ್ನೆ: ಫ್ರೆಂಚ್ ಕಾದಂಬರಿಕಾರ ಬಾಲ್ಜಾಕನ ‘ಝಡ್. ಮಾರ್ಕಾಸ್’ ನೀಳ್ಗತೆಯ ನಾಯಕನಿಗೆ ಇನ್ನೊಬ್ಬನನ್ನು ಮಂತ್ರಿಯಾಗಿಸುವಷ್ಟು ಬುದ್ಧಿಯಿತ್ತು. ಹಾಗಿದ್ದೂ ತಾನೇ ಚುನಾವಣೆಗೆ ನಿಲ್ಲದೆ ಅಟ್ಟದ ಕೋಣೆಯಲ್ಲಿ ಸವೆದುಹೋದದ್ದೇಕೆ?

ಉತ್ತರ: ನಿಲ್ಲಲು ಕಾನೂನು ಬಿಡುತ್ತಿರಲಿಲ್ಲ. 1830ರ ಜುಲೈ ಕ್ರಾಂತಿಯ ಬಳಿಕ ಲೂಯಿ ಫಿಲಿಪ್ ಫ್ರಾನ್ಸಿನ ಅರಸನಾದ. ಅವನ ಆಳ್ವಿಕೆಯ 1831ರ ಚುನಾವಣಾ ಕಾಯಿದೆಯ ಪ್ರಕಾರ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ, 25 ತುಂಬಿದ ಗಂಡಸರಿಗೆ ಮತವಿತ್ತು, ಅಭ್ಯರ್ಥಿಯಾಗಬೇಕಾದರೆ 30 ವರ್ಷ ತುಂಬಿರಬೇಕಿತ್ತು ಮತ್ತು 500 ಫ್ರಾಂಕ್ ಕಟ್ಟುತ್ತಿರಬೇಕಿತ್ತು. ಈ ಮೊತ್ತ ಆದಾಯವಲ್ಲ, ಬರೀ ತೆರಿಗೆ. ಅಷ್ಟು ತೆರಿಗೆ ಬೀಳಬೇಕಾದರೆ ಗಣನೀಯ ಆಸ್ತಿಯಿರಬೇಕು. ಸುಮಾರು 3.25 ಕೋಟಿ ಜನರ ದೇಶದಲ್ಲಿ ಆಗಿದ್ದ ಮತದಾರರು 1.7 ಲಕ್ಷದಷ್ಟು. ವಿದ್ಯೆಗೆ ತೋರಿದ ರಿಯಾಯಿತಿಯೂ ವಿಚಿತ್ರವಾಗಿತ್ತು: ದೇಶದ ಅತ್ಯುನ್ನತ ವಿದ್ವತ್ಸಂಸ್ಥೆಯಾದ ‘ಇನ್‌ಸ್ಟಿಟ್ಯೂಟ್’ನ ಸದಸ್ಯನೂ ಮತ ಹಾಕಲು 100 ಫ್ರಾಂಕ್ ಕಟ್ಟಲೇಬೇಕಿತ್ತು. ಗೆದ್ದವರಿಗೆ ಸಂಬಳವಂತೂ ಇರಲಿಲ್ಲ.

ಬ್ರಿಟಾನಿಯ ವಿತ್ರೆ ಊರಿನಿಂದ ಪ್ಯಾರಿಸಿಗೆ ಬಂದ ಬಡವ ಝೆಫಿರಾಂ ಮಾರ್ಕಾಸನಿಗೆ ಈ ಗೋಡೆಯನ್ನು ದಾಟುವ ದಾರಿ ಒಂದೇ ಇತ್ತು: ಹಣವಿದ್ದೂ ಬುದ್ಧಿ ಸಾಲದ ಒಬ್ಬನನ್ನು ಮೇಲಕ್ಕೆತ್ತುವುದು, ಅವನ ಕೃತಜ್ಞತೆಯನ್ನು ನಂಬುವುದು. ಮೇಲೇರಿದವನು ಮಾತು ತಪ್ಪಿದ. ಓಡಿಯಾನ್ ರಂಗಮಂದಿರದ ಬಳಿಯ ಹೋಟೆಲೊಂದರ ಅಟ್ಟದಲ್ಲಿ, ಬಡ ವಿದ್ಯಾರ್ಥಿಗಳಾದ ಶಾರ್ಲ್ ಮತ್ತು ಜ್ಯೂಸ್ತ್ ಅವನನ್ನು ಕಾಣುವ ಹೊತ್ತಿಗೆ, ಆ ರಾಜಕೀಯ ಪ್ರತಿಭೆ ಹೊಟ್ಟೆಪಾಡಿಗಾಗಿ ರಾತ್ರಿಯೆಲ್ಲ ಕಾಗದಪತ್ರಗಳ ನಕಲು ತೆಗೆಯುತ್ತಿರುತ್ತದೆ. ಅದೇ ಮಂತ್ರಿ ಮತ್ತೆ ಮೆಟ್ಟಿಲು ಹತ್ತಿ ಬಂದು ಕರೆದಾಗ ಅವನು ಹೋಗುತ್ತಾನೆ; ಬಳಲಿ ಮರಳಿ 1838ರ ಜನವರಿಯಲ್ಲಿ ಸಾಯುತ್ತಾನೆ. ಮೊಂಪಾರ್ನಾಸ್ ಸ್ಮಶಾನದ ಸಾಮೂಹಿಕ ಗುಂಡಿಯವರೆಗೆ ಜೊತೆಗೆ ನಡೆಯುವವರು ಆ ಇಬ್ಬರೇ.

ಕಥೆಯ ನಿರೂಪಕ ಶಾರ್ಲ್ ಇದನ್ನೆಲ್ಲ ಹೆಸರಿನ ಮಹಿಮೆಯೆನ್ನುತ್ತಾನೆ. ‘ಝಡ್’ ಅಕ್ಷರದ ಅಂಕುಡೊಂಕಿನಲ್ಲಿ ಪೀಡಿತ ಬದುಕಿನ ಜಾಡು ಅವನಿಗೆ ಕಾಣುತ್ತದೆ. (ಬಾಲ್ಜಾಕ್ ಈ ಹೆಸರನ್ನು ದರ್ಜಿಯೊಬ್ಬನ ಅಂಗಡಿಯ ಫಲಕದಲ್ಲಿ ಕಂಡನೆಂದು ಗೆಳೆಯ ಗೋಜ್ಲಾಂ ಬರೆದಿದ್ದಾನೆ.) ನನಗೆ ಆ ಭಾಗ ಸೊಗಸೆನಿಸುತ್ತದೆ, ಆದರೆ ಉತ್ತರವೆನಿಸುವುದಿಲ್ಲ. ಮಾರ್ಕಾಸನನ್ನು ಕೆಡವಿದ್ದು ಝಡ್ ಅಕ್ಷರಕ್ಕಿಂತ 500 ಎಂಬ ಅಂಕಿ.

ತುಳಿಯಲ್ಪಟ್ಟ ಯುವಜನತೆ ಉಗಿಯಂತ್ರದ ಬಾಯ್ಲರಿನಂತೆ ಸಿಡಿಯಲಿದೆ ಎಂದು ಕಥೆಯಲ್ಲಿ ಮಾರ್ಕಾಸ್ ಎಚ್ಚರಿಸುತ್ತಾನೆ. 1840ರ ಜುಲೈಯಲ್ಲಿ, ಬಾಲ್ಜಾಕ್ ತಾನೇ ನಡೆಸುತ್ತಿದ್ದ ‘ರೆವ್ಯೂ ಪಾರಿಸಿಯೆನ್’ ಪತ್ರಿಕೆಯಲ್ಲಿ ಈ ಕಥೆ ಅಚ್ಚಾಯಿತು. ಮತದ ಹಕ್ಕನ್ನು ವಿಸ್ತರಿಸಲು ಪ್ರಧಾನಿ ಗೀಜೋನ ಸರ್ಕಾರ ಕೊನೆಯವರೆಗೂ ಒಪ್ಪದೆ, 1848ರ ಫೆಬ್ರವರಿಯಲ್ಲಿ ಅರಸನೊಂದಿಗೆ ಉರುಳಿತು. ವಯಸ್ಕ ಗಂಡಸರೆಲ್ಲರಿಗೂ ಮತ ಸಿಕ್ಕಿ, ಮತದಾರರ ಸಂಖ್ಯೆ ಸುಮಾರು 2.4 ಲಕ್ಷದಿಂದ ಒಮ್ಮೆಲೇ 90 ಲಕ್ಷ ದಾಟಿತು. ಇಷ್ಟರಿಂದ ಬಾಲ್ಜಾಕನನ್ನು ಪ್ರಜಾಪ್ರಭುತ್ವದ ವಕೀಲನೆಂದು ಓದಬಾರದು. ಧರ್ಮ ಮತ್ತು ಅರಸೊತ್ತಿಗೆ ಎಂಬ ಎರಡು ಸತ್ಯಗಳ ಬೆಳಕಿನಲ್ಲಿ ಬರೆಯುತ್ತೇನೆಂದು ತನ್ನ ಕಥೆ-ಕಾದಂಬರಿಗಳ ಮಾಲೆ ‘ಹ್ಯೂಮನ್ ಕಾಮಿಡಿ’ಯ 1842ರ ಮುನ್ನುಡಿಯಲ್ಲಿ ಹೇಳಿಕೊಂಡವನು ಅವನು. ಎಲ್ಲರಿಗೂ ಮತ ಸಿಗಲಿಲ್ಲವೆಂಬ ದೂರು ಈ ಕಥೆಯಲ್ಲಿಲ್ಲ. ಸಮರ್ಥನೊಬ್ಬನನ್ನು ಮುದುಕರ ಸರ್ಕಾರ ಅಟ್ಟದಲ್ಲೇ ಸಾಯಲು ಬಿಟ್ಟಿತೆಂಬ ಸಿಟ್ಟಿದೆ.